ಉಕ್ಕಿನ ಸುರುಳಿಯೋ ಗಾಳಿಯ ಚೀಲವೋ? ವಾಹನದ ಸ್ಪ್ರಿಂಗು ನಡೆದು ಬಂದ ದಾರಿ

ಪುಷ್ಯಮಾಸದಲ್ಲಿ ಸುತ್ತೂರಿನ ಜಾತ್ರೆ ನಡೆಯುವ ದಿನಗಳಲ್ಲಿ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳಿಂದ ಕಪಿಲಾ ತೀರದ ಆ ಊರನ್ನು ಸೇರುವ ರಸ್ತೆಗಳಲ್ಲಿ ವಾಹನದ ಇತಿಹಾಸವೇ ಸಾಲುಗಟ್ಟಿ ಸಾಗುತ್ತದೆ ಎನ್ನಬಹುದು. ಈಗ ಅಪರೂಪವಾಗಿರುವ ಮರದ ಚಕ್ರದ ಎತ್ತಿನ ಗಾಡಿ, ಅದರ ಜಾಗಕ್ಕೆ ಬಂದ ಟೈರು ಗಾಡಿ, ಕಬ್ಬು ಹೇರಿದ ಲಾರಿ, ಸಾರಿಗೆ ಬಸ್ಸು, ಜೀಪು, ಕಾರು ಎಲ್ಲವೂ ಅಲ್ಲಿ ಸಿಗುತ್ತವೆ. ಇವುಗಳಲ್ಲಿ ಎತ್ತಿನ ಗಾಡಿಯ ಬೆಳವಣಿಗೆ ಒಂದು ವಿಷಯದಲ್ಲಿ ವಿಚಿತ್ರವಾದುದು. ಮರದ ಚಕ್ರದ ಗಾಡಿಗೆ ಸ್ಪ್ರಿಂಗು ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಚೌಕಟ್ಟು ಕೂರುತ್ತಿತ್ತು. 20ನೆಯ ಶತಮಾನದಲ್ಲಿ ಟೈರು ಗಾಡಿ ಬಂದಾಗಲೂ ಸಾಮಾನ್ಯವಾಗಿ ಉಕ್ಕಿನ ಸ್ಪ್ರಿಂಗು ಬರಲಿಲ್ಲ, ಗಾಳಿ ಮಾತ್ರ ಬಂತು. ಅಂದರೆ ನಮ್ಮ ರೈತನ ಗಾಡಿ ಉಕ್ಕನ್ನು ದಾಟಿ ಒಂದೇ ನೆಗೆತಕ್ಕೆ ಗಾಳಿಯ ಸ್ಪ್ರಿಂಗಿಗೆ ಬಂದುಬಿಟ್ಟಿತು!

ಕಾರು, ಜೀಪು, ಬಸ್ಸುಗಳ ಇತಿಹಾಸ ಇಷ್ಟು ನೇರವಾಗಿಲ್ಲ. ಅಲ್ಲಿ ಉಕ್ಕಿನ ಪಟ್ಟಿ, ಉಕ್ಕಿನ ಸುರುಳಿ ಮತ್ತು ಗಾಳಿಯ ಚೀಲ ಈ ಮೂರರ ನಡುವೆ ಇನ್ನೂರು ವರ್ಷಗಳಿಂದ ಪೈಪೋಟಿ ನಡೆದಿದೆ. ಕೊನೆಗೆ ಬಂದ ಗಾಳಿಯೇ ಗೆಲ್ಲಬೇಕಿತ್ತಲ್ಲ ಎಂದು ನಾವು ಊಹಿಸಬಹುದು. ಬಸ್ಸು ಮತ್ತು ರೈಲುಗಳಲ್ಲಿ ಹಾಗೆಯೇ ಆಗುತ್ತಿದೆ. ಆದರೆ ಹಳೆಯ ಫೋರ್‌ವೀಲ್ ಡ್ರೈವ್ ವಾಹನಗಳಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆದಿದೆ. ಗಾಳಿಯ ಸ್ಪ್ರಿಂಗು ಹೊತ್ತು ಕಾರ್ಖಾನೆಯಿಂದ ಹೊರಬಂದ ವಾಹನಗಳ ಮಾಲೀಕರು ಅದನ್ನು ಕಿತ್ತು ಉಕ್ಕಿನ ಸುರುಳಿ ಹಾಕಿಸಿಕೊಂಡಿದ್ದಾರೆ. ಒಂದೇ ಭೌತಶಾಸ್ತ್ರ, ಒಂದೇ ಬಗೆಯ ರಸ್ತೆ. ಹಾಗಿದ್ದರೂ ಒಂದು ಕಡೆ ಮುನ್ನಡೆ, ಇನ್ನೊಂದು ಕಡೆ ಹಿನ್ನಡೆ ಏಕೆ?

ವೇಗ ಹೆಚ್ಚಿದಾಗ

ಎತ್ತಿನ ಗಾಡಿಗೆ ಸ್ಪ್ರಿಂಗು ಏಕೆ ಬೇಕಾಗಲಿಲ್ಲ ಎಂಬುದನ್ನು ಮೊದಲು ನೋಡೋಣ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆಯುವ ಗಾಡಿ ಸೆಕೆಂಡಿಗೆ ಸುಮಾರು 1.1 ಮೀಟರ್ ಸಾಗುತ್ತದೆ. ರಸ್ತೆಯಲ್ಲಿ ಮೀಟರಿಗೊಂದು ಉಬ್ಬು ಇದ್ದರೆ ಗಾಡಿ ಸೆಕೆಂಡಿಗೆ ಒಂದು ಸಲ ಮೇಲೆ ಕೆಳಗೆ ಆಗುತ್ತದೆ. ಅದೇ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಜೀಪಿಗೆ ಸೆಕೆಂಡಿಗೆ ಹನ್ನೊಂದು ಸಲ ಆ ಪೆಟ್ಟು ಬೀಳುತ್ತದೆ. ಉಬ್ಬಿನ ಎತ್ತರ ಅಷ್ಟೇ ಇದ್ದರೂ ಆವೃತ್ತಿ ಹತ್ತು ಪಟ್ಟಾದರೆ ವೇಗೋತ್ಕರ್ಷ ಹತ್ತರ ವರ್ಗ, ಅಂದರೆ ನೂರು ಪಟ್ಟು ಆಗುತ್ತದೆ. ಸ್ಪ್ರಿಂಗಿಲ್ಲದ ಜೀಪು ಅಲ್ಲಿ ಓಡುವುದಿಲ್ಲ, ನೆಗೆಯುತ್ತದೆ. ಚಕ್ರ ನೆಲ ಬಿಟ್ಟಾಗ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಆದ್ದರಿಂದ ಸ್ಪ್ರಿಂಗು ಕೇವಲ ಸುಖದ ಸಾಧನ ಎಂದು ತಿಳಿಯುವುದು ಸರಿಯಲ್ಲ.

ಸ್ಪ್ರಿಂಗಿನ ಮೇಲೆ ಕುಳಿತ ಪ್ರತಿ ವಾಹನಕ್ಕೂ ತನ್ನದೇ ಆದ ಒಂದು ಆಂದೋಲನ ಆವೃತ್ತಿ ಇರುತ್ತದೆ. ರಸ್ತೆಯ ಪೆಟ್ಟಿನ ಆವೃತ್ತಿ ಇದರ ಸುಮಾರು 1.4 ಪಟ್ಟಿಗಿಂತ ಹೆಚ್ಚಿದ್ದಾಗ ಮಾತ್ರ ಸ್ಪ್ರಿಂಗು ಪೆಟ್ಟನ್ನು ತಗ್ಗಿಸುತ್ತದೆ. ಹಾಗಾಗಿ ವಾಹನದ ಸ್ವಂತ ಆವೃತ್ತಿ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಇದನ್ನು ತಿಳಿಯಲು ಸರಳವಾದ ಒಂದು ಸೂತ್ರವಿದೆ. ವಾಹನದ ಭಾರದಿಂದ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ಕುಸಿದು ನಿಲ್ಲುತ್ತದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ ಆವೃತ್ತಿ ಹರ್ಟ್ಸ್‌ಗಳಲ್ಲಿ ಸಿಗುತ್ತದೆ. ಈ ಕುಸಿತವನ್ನು ಸ್ಥಿರ ಇಳಿತ ಎನ್ನೋಣ. 4 ಸೆಂ.ಮೀ. ಇಳಿತಕ್ಕೆ 2.5 ಹರ್ಟ್ಸ್, 16 ಸೆಂ.ಮೀ.ಗೆ 1.25 ಹರ್ಟ್ಸ್, 25 ಸೆಂ.ಮೀ.ಗೆ 1 ಹರ್ಟ್ಸ್. ಗುರುತ್ವ ವೇಗೋತ್ಕರ್ಷದ ಬೆಲೆಯನ್ನು ಸೆಂಟಿಮೀಟರಿನಲ್ಲಿ ಹಾಕಿ ವಿದ್ಯಾರ್ಥಿಗಳೇ ಈ 5 ಎಲ್ಲಿಂದ ಬಂತೆಂದು ಕಂಡುಕೊಳ್ಳಬಹುದು.

ಮನುಷ್ಯ ದಿನವೂ ನಡೆಯುವಾಗ ಅವನ ದೇಹ ಸೆಕೆಂಡಿಗೆ ಒಂದೆರಡು ಸಲ ಏರಿಳಿಯುತ್ತದೆ. ಆ ಲಯ ನಮಗೆ ಒಗ್ಗಿದೆ. ಆದರೆ ಕುಳಿತವನ ದೇಹಕ್ಕೆ 4ರಿಂದ 8 ಹರ್ಟ್ಸ್‌ನ ಕಂಪನ ಬಹಳ ಕಷ್ಟಕರ. ಹೊಟ್ಟೆ, ಬೆನ್ನುಮೂಳೆಗಳು ಆ ಆವೃತ್ತಿಯಲ್ಲಿ ಅನುರಣಿಸುತ್ತವೆ. ವರ್ಷಗಟ್ಟಲೆ ಬಸ್ಸು, ಲಾರಿ, ಟ್ರ್ಯಾಕ್ಟರು ನಡೆಸುವವರ ಬೆನ್ನುನೋವಿಗೂ ಈ ಲೆಕ್ಕಕ್ಕೂ ಸಂಬಂಧವಿದೆ.

ಒಬ್ಬನೇ ಹುಕ್, ಎರಡು ನಿಯಮ

ಉಕ್ಕಿನ ಸ್ಪ್ರಿಂಗು ಮತ್ತು ಗಾಳಿಯ ಸ್ಪ್ರಿಂಗುಗಳ ನಿಯಮಗಳು ಒಂದೇ ಕೋಣೆಯಲ್ಲಿ ಹುಟ್ಟಿದವು ಎಂದರೆ ಉತ್ಪ್ರೇಕ್ಷೆಯಾಗಲಾರದು. ರಾಬರ್ಟ್ ಬಾಯ್ಲ್ ಇಂಗ್ಲೆಂಡಿನಲ್ಲಿ ಗಾಳಿಯ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ಅವನಿಗೆ ಗಾಳಿಯ ಪಂಪನ್ನು ಕಟ್ಟಿಕೊಟ್ಟ ತರುಣ ಸಹಾಯಕ ರಾಬರ್ಟ್ ಹುಕ್. 1660ರಲ್ಲಿ ಪ್ರಕಟವಾದ ಬಾಯ್ಲ್‌ನ ಗ್ರಂಥದ ಹೆಸರಿನಲ್ಲಿಯೇ ಗಾಳಿಯ 'ಸ್ಪ್ರಿಂಗು' ಎಂಬ ಮಾತಿದೆ. ಗಾಳಿಯೆಂದರೆ ಉಣ್ಣೆಯ ರಾಶಿಯಂತೆ, ಒತ್ತಿದರೆ ಕುಗ್ಗಿ ಬಿಟ್ಟರೆ ಹಿಗ್ಗುವ ವಸ್ತು ಎಂದು ಅವನು ಕಲ್ಪಿಸಿದ್ದ. 1662ರಲ್ಲಿ ಆ ಗ್ರಂಥದ ಎರಡನೆಯ ಆವೃತ್ತಿಯಲ್ಲಿ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಸ್ಥಿರ ಎಂಬ ನಿಯಮ ಹೊರಬಂತು. ಹದಿನಾರು ವರ್ಷಗಳ ಅನಂತರ, 1678ರಲ್ಲಿ, ಹುಕ್ ತನ್ನದೇ ಆದ ನಿಯಮವನ್ನು ಪ್ರಕಟಿಸಿದ. ಘನವಸ್ತುವಿನ ಸ್ಪ್ರಿಂಗು ಎಷ್ಟು ಎಳೆದರೆ ಅಷ್ಟೇ ಪ್ರಮಾಣದಲ್ಲಿ ತಿರುಗಿ ಎಳೆಯುತ್ತದೆ. ಇದನ್ನು ಎರಡು ವರ್ಷ ಮೊದಲೇ ಅಕ್ಷರಗಳನ್ನು ಕಲಸಿ ಒಗಟಿನ ರೂಪದಲ್ಲಿ ಅಚ್ಚು ಹಾಕಿಸಿದ್ದ. ಬೇರೆಯವರು ಕದಿಯಬಾರದು, ಮೊದಲಿಗನೆಂಬ ಹೆಸರೂ ತಪ್ಪಬಾರದು ಎಂಬ ಜಾಣತನ.

ಈ ಎರಡು ನಿಯಮಗಳ ವ್ಯತ್ಯಾಸವನ್ನು ಶಾಲೆಯಲ್ಲಿಯೇ ತೋರಿಸಬಹುದು. 20 ಮಿಲಿಲೀಟರಿನ ಸೂಜಿಯಿಲ್ಲದ ಸಿರಿಂಜೊಂದನ್ನು ತೆಗೆದುಕೊಂಡು ಕೊಂತವನ್ನು 20ರ ಗೆರೆಗೆ ಎಳೆದು ತುದಿಯನ್ನು ಭದ್ರವಾಗಿ ಮುಚ್ಚಿರಿ. ಕೊಂತದ ಅಡ್ಡಕೊಯ್ತ ಸುಮಾರು 3 ಚದರ ಸೆಂಟಿಮೀಟರ್ ಇದ್ದರೆ ಅದರ ಮೇಲೆ ವಾತಾವರಣವೇ ಸುಮಾರು 3 ಕಿಲೋಗ್ರಾಂ ಭಾರ ಹಾಕಿರುತ್ತದೆ. ಈಗ ಮೇಲೆ 1 ಕಿ.ಗ್ರಾಂ. ತೂಕ ಇಟ್ಟರೆ ಗಾಳಿ 15 ಮಿ.ಲೀ.ಗೆ ಕುಗ್ಗಬೇಕು. 2 ಕಿ.ಗ್ರಾಂ.ಗೆ 12, 3 ಕಿ.ಗ್ರಾಂ.ಗೆ 10. ಮೊದಲ ಕಿಲೋ 5 ಮಿ.ಲೀ. ಇಳಿಸಿತು, ಎರಡನೆಯದು 3, ಮೂರನೆಯದು 2 ಮಾತ್ರ. ಕೊಂತದ ಘರ್ಷಣೆಯಿಂದ ಅಳತೆ ಸ್ವಲ್ಪ ಆಚೀಚೆ ಆಗುತ್ತದೆ, ಆದರೂ ಪ್ರವೃತ್ತಿ ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದಲ್ಲಿಯೇ ಸುರುಳಿ ಸ್ಪ್ರಿಂಗಿಗೆ ಒಂದೊಂದೇ ತೂಕ ಹಾಕುತ್ತ ಹೋದರೆ ಅದು ಪ್ರತಿ ಸಲವೂ ಸಮನಾಗಿ ಇಳಿಯುತ್ತದೆ. ಉಕ್ಕಿನ ಬಿಗುವು ಸ್ಥಿರ, ಗಾಳಿಯ ಬಿಗುವು ಭಾರದೊಂದಿಗೆ ಬೆಳೆಯುವಂಥದು. ಮುಂದಿನ ಇತಿಹಾಸದ ಬೀಜ ಇಲ್ಲಿದೆ.

ಪಟ್ಟಿಯಿಂದ ಸುರುಳಿಗೆ

ನಿಯಮ ತಿಳಿದ ಮಾತ್ರಕ್ಕೆ ಒಳ್ಳೆಯ ಗಾಡಿ ಬರಲಿಲ್ಲ. 1665ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರು ಸ್ಪ್ರಿಂಗು ಹಾಕಿದ ಕುದುರೆಗಾಡಿಗಳನ್ನು ಪರೀಕ್ಷಿಸಿದ ಸಂಗತಿ ಸ್ಯಾಮುಯೆಲ್ ಪೀಪ್ಸ್‌ನ ದಿನಚರಿಯಲ್ಲಿದೆ. ಆದರೆ ಅಂಥ ಸ್ಪ್ರಿಂಗಿಗೆ ಬೇಕಾದ ಉಕ್ಕು ಅಗ್ಗವಾಗಿ ಸಿಗುತ್ತಿರಲಿಲ್ಲ. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಬಡಯ್ಯ ಎಲಿಯಟ್ ಎಂಬ ಲಂಡನ್ನಿನ ಗಾಡಿ ತಯಾರಕ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿಗೆ ಪೇಟೆಂಟು ಪಡೆದ. ನಮ್ಮ ಲಾರಿಗಳ ಅಡಿ ಇಂದಿಗೂ ಕಾಣುವ ಕಮಾನು ಪಟ್ಟಿ ಇದರ ವಂಶದ್ದೇ. ಮೈಸೂರಿನ ಟಾಂಗಾದ ಅಡಿಯಲ್ಲಿರುವುದೂ ಇದೇ. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾದಾಗ ಓಡಿದ ಬಸ್ಸುಗಳಿಗೂ ಕಮಾನು ಪಟ್ಟಿಯೇ ಆಧಾರ.

ಸುರುಳಿ ಸ್ಪ್ರಿಂಗಿಗೆ ಪೇಟೆಂಟು ಸಿಕ್ಕಿದ್ದು ಇದಕ್ಕೂ ಮೊದಲು, 1763ರಲ್ಲಿ. ಒಂದು ಕಿಲೋ ಉಕ್ಕಿನಲ್ಲಿ ಪಟ್ಟಿಗಿಂತ ಸುರುಳಿ ಹೆಚ್ಚು ಶಕ್ತಿಯನ್ನು ಸಂಗ್ರಹಿಸಬಲ್ಲುದು. ಹಾಗಾದರೆ ಅದು ರಸ್ತೆಗೆ ಬರಲು ಇಷ್ಟು ತಡವೇಕೆ? ಕಮಾನು ಪಟ್ಟಿ ಒಬ್ಬನೇ ಆಳು ಮೂರು ಕೆಲಸ ಮಾಡಿದಂತೆ ದುಡಿಯುತ್ತದೆ. ಭಾರ ಹೊರುತ್ತದೆ, ಅಚ್ಚನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ, ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಆಂದೋಲನವನ್ನೂ ಅಡಗಿಸುತ್ತದೆ. ಸುರುಳಿ ಭಾರ ಹೊರುವುದನ್ನು ಬಿಟ್ಟು ಬೇರೇನನ್ನೂ ಮಾಡದು. ಅಚ್ಚನ್ನು ಹಿಡಿಯಲು ಬೇರೆ ತೋಳುಗಳು, ಆಂದೋಲನ ಅಡಗಿಸಲು ಬೇರೆ ಶಾಕ್ ಅಬ್ಸಾರ್ಬರ್ ಬೇಕು. (ಈ ಹೆಸರು ದಾರಿ ತಪ್ಪಿಸುವಂಥದು. ಪೆಟ್ಟನ್ನು ಹೀರುವುದು ಸ್ಪ್ರಿಂಗು. ಶಾಕ್ ಅಬ್ಸಾರ್ಬರ್ ಮಾಡುವುದು ಅನಂತರದ ಕುಣಿತವನ್ನು ನಿಲ್ಲಿಸುವ ಕೆಲಸ.) ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಬಂದ ಮಾರಿಸ್ ಓಲಿ ಎಂಬ ಎಂಜಿನಿಯರನ ಸಂಶೋಧನೆಗಳ ಫಲವಾಗಿ 1934ರಲ್ಲಿ ಕ್ಯಾಡಿಲಾಕ್ ಕಾರುಗಳ ಮುಂಭಾಗಕ್ಕೆ ಸುರುಳಿ ಬಂತು. ನಮ್ಮಲ್ಲಿ ಬಹುಕಾಲ ಓಡಿದ ಪ್ರೀಮಿಯರ್ ಪದ್ಮಿನಿಯಲ್ಲಿಯೂ ಮುಂದೆ ಸುರುಳಿ, ಹಿಂದೆ ಪಟ್ಟಿ ಇದ್ದವು.

ಫೋರ್‌ವೀಲ್ ಡ್ರೈವ್ ವಾಹನಗಳು ಪಟ್ಟಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದವು. 1941ರ ವಿಲ್ಲಿಸ್ ಜೀಪು, 1948ರ ಲ್ಯಾಂಡ್ ರೋವರ್, 1947ರಿಂದ ಮುಂಬಯಿಯಲ್ಲಿ ಮಹೀಂದ್ರ ಜೋಡಿಸಿದ ಜೀಪುಗಳು, 1985ರ ಮಾರುತಿ ಜಿಪ್ಸಿ ಇವೆಲ್ಲಕ್ಕೂ ನಾಲ್ಕು ಕಡೆಯೂ ಕಮಾನು ಪಟ್ಟಿ. ಮಡಿಕೇರಿಯ ಬಳಿ ಮಾಂದಲಪಟ್ಟಿಯ ಬೆಟ್ಟ ಹತ್ತುವ ಜೀಪಿನಲ್ಲಿ ಕುಳಿತವರಿಗೆ ಈ ಪಟ್ಟಿಗಳ ಬಿಗುವು ಎಷ್ಟೆಂದು ವಿವರಿಸಬೇಕಾಗಿಲ್ಲ. ಆದರೆ ಒಂದು ಪಟ್ಟಿ ಮುರಿದರೆ ಹಳ್ಳಿಯ ಕುಲುಮೆಯಲ್ಲಿಯೂ ಏನಾದರೊಂದು ಉಪಾಯ ಮಾಡಬಹುದು. ಕಾಡು, ತೋಟಗಳ ನಡುವೆ ಬದುಕುವವರಿಗೆ ಅದು ಸಣ್ಣ ಗುಣವಲ್ಲ.

ಈ ಸಂಪ್ರದಾಯವನ್ನು ಮುರಿದದ್ದು 1970ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ರೇಂಜ್ ರೋವರ್. ಸ್ಪೆನ್ ಕಿಂಗ್ ಎಂಬ ಎಂಜಿನಿಯರನ ನೇತೃತ್ವದ ತಂಡ ಗಟ್ಟಿ ಅಚ್ಚುಗಳನ್ನು ಉಳಿಸಿಕೊಂಡೇ ನಾಲ್ಕೂ ಚಕ್ರಗಳಿಗೆ ಮೆತ್ತನೆಯ, ಉದ್ದನೆಯ ಸುರುಳಿಗಳನ್ನು ಕೊಟ್ಟಿತು. ಮೆತ್ತನೆಯ ಸ್ಪ್ರಿಂಗಿನ ತೊಂದರೆ ಏನೆಂದರೆ ಹಿಂದೆ ಸಾಮಾನು ತುಂಬಿದೊಡನೆ ವಾಹನ ಬಾಲ ಇಳಿಬಿಡುತ್ತದೆ. ಅದಕ್ಕಾಗಿ ಹಿಂದಿನ ಅಚ್ಚಿನ ನಡುವೆ, ಚಲಿಸುವಾಗಿನ ಕುಲುಕಾಟದಿಂದಲೇ ತನ್ನನ್ನು ತಾನು ಪಂಪು ಮಾಡಿಕೊಂಡು ಮಟ್ಟ ಸರಿಪಡಿಸುವ ಒಂದು ಸಾಧನವನ್ನು ಇಟ್ಟರು. ಕಚ್ಚಾದಾರಿಯಲ್ಲಿ ಈ ವಾಹನದ ಚಕ್ರಗಳು ನೆಲ ಬಿಡದೆ ಅಂಟಿಕೊಂಡೇ ಇರುವುದನ್ನು ಕಂಡ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹಿಂಬಾಲಿಸಿದರು. ಲ್ಯಾಂಡ್ ರೋವರ್ 1983ರಲ್ಲಿ ಸುರುಳಿಗೆ ಬಂತು. ಭಾರತದಲ್ಲಿ ಟಾಟಾ ಸಫಾರಿ 1998ರಲ್ಲಿ, ಮಹೀಂದ್ರ ಸ್ಕಾರ್ಪಿಯೊ 2002ರಲ್ಲಿ ಹಿಂಬದಿಗೆ ಸುರುಳಿ ತಂದವು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಬಂದ ಕ್ವಾಲಿಸ್‌ಗೆ ಹಿಂದೆ ಕಮಾನು ಪಟ್ಟಿ ಇತ್ತು. 2005ರಲ್ಲಿ ಅದರ ಸ್ಥಾನಕ್ಕೆ ಬಂದ ಇನ್ನೋವಾಗೆ ಸುರುಳಿ. ಮಹೀಂದ್ರ ಥಾರ್ ಮಾತ್ರ 2020ರವರೆಗೂ ಹಿಂದಿನ ಪಟ್ಟಿಯನ್ನು ಬಿಡಲಿಲ್ಲ.

ಗಾಳಿಯ ಮೊದಲ ಸೋಲು

ಇಷ್ಟರಲ್ಲಿ ಗಾಳಿಯೂ ತನ್ನ ಸರದಿಗಾಗಿ ಕಾಯುತ್ತಿತ್ತು. ರೈಲಿನ ಗಾಳಿ ಬ್ರೇಕನ್ನು ರೂಪಿಸಿದ ಜಾರ್ಜ್ ವೆಸ್ಟಿಂಗ್‌ಹೌಸ್ ತನ್ನ ಕೊನೆಯ ವರ್ಷಗಳಲ್ಲಿ ಮೋಟಾರುಗಳಿಗೆ ಗಾಳಿಯ ಸ್ಪ್ರಿಂಗನ್ನು ತಯಾರಿಸಿದ್ದ. ಅದು ಹೆಚ್ಚು ಹರಡಲಿಲ್ಲ. ರಬ್ಬರು ಮತ್ತು ನೂಲಿನ ಪದರಗಳಿಂದ ಬಾಳಿಕೆ ಬರುವ ಚೀಲ ಮಾಡುವುದು ಸಾಧ್ಯವಾದ ಮೇಲೆ, 1953ರಲ್ಲಿ ಜನರಲ್ ಮೋಟರ್ಸ್ ತನ್ನ ಬಸ್ಸುಗಳಿಗೆ ಗಾಳಿಯ ಸ್ಪ್ರಿಂಗು ಹಾಕಿತು. ಬಸ್ಸುಗಳಲ್ಲಿ ಅದು ಗೆದ್ದಿತು. ಆ ಉತ್ಸಾಹದಲ್ಲಿ ಕಂಪನಿ 1957ರಲ್ಲಿ ಕ್ಯಾಡಿಲಾಕ್‌ನ ಅತಿ ದುಬಾರಿ ಕಾರಿಗೂ, ಮರುವರ್ಷ ಇತರ ಕಾರುಗಳಿಗೂ ಅದನ್ನು ಕೊಟ್ಟಿತು. ಸೋರಿಕೆ, ಕವಾಟಗಳಲ್ಲಿ ಸೇರಿದ ತೇವ, ಬೆಳಗ್ಗೆ ಎದ್ದು ನೋಡಿದರೆ ನೆಲಕ್ಕೆ ಕುಕ್ಕರಿಸಿದ ಕಾರು ಎಂಬ ದೂರುಗಳು ಬಂದವು. ಕೊಂಡವರಲ್ಲಿ ಅನೇಕರು ಅದನ್ನು ತೆಗೆಸಿ ಸುರುಳಿ ಹಾಕಿಸಿದರು. ಒಂದೆರಡು ವರ್ಷಗಳಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. ಒಂದೇ ಕಂಪನಿಯ ಒಂದೇ ತಂತ್ರಜ್ಞಾನ ಬಸ್ಸಿನಲ್ಲಿ ಗೆದ್ದು ಕಾರಿನಲ್ಲಿ ಸೋತದ್ದನ್ನು ಗಮನಿಸಬೇಕು. ಮೂರೂವರೆ ದಶಕಗಳ ಅನಂತರ ರೇಂಜ್ ರೋವರಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ.

ಬಸ್ಸಿನಲ್ಲಿ ಅದು ಗೆದ್ದದ್ದೇಕೆ ಎಂಬುದನ್ನು ಲೆಕ್ಕ ಮಾಡಿಯೇ ನೋಡಬಹುದು. ಅಳಗಂಚಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಮರಳುವ ಲಾರಿ ಹೇಗೆ ಕುಣಿಯುತ್ತದೆಂದು ಆ ಕಡೆಯವರಿಗೆ ಗೊತ್ತು. ತುಂಬಿದಾಗ ಅದರ ಹಿಂದಿನ ಪಟ್ಟಿಯ ಇಳಿತ 12 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಆವೃತ್ತಿ 1.44 ಹರ್ಟ್ಸ್. ಖಾಲಿಯಾದಾಗ ಭಾರ ಕಾಲು ಭಾಗಕ್ಕೆ ಇಳಿದರೆ ಇಳಿತ 3 ಸೆಂ.ಮೀ., ಆವೃತ್ತಿ 2.9 ಹರ್ಟ್ಸ್. ಉಕ್ಕಿನ ಬಿಗುವು ಬದಲಾಗದ ಕಾರಣ ತುಂಬಿದ ಲಾರಿಗೆ ಹೊಂದುವ ಸ್ಪ್ರಿಂಗು ಖಾಲಿ ಲಾರಿಗೆ ಹೊಂದದು.

ಗಾಳಿಯ ಚೀಲದಲ್ಲಿ ಹೀಗಾಗುವುದಿಲ್ಲ. ಜನ ಹತ್ತಿ ಬಸ್ಸು ಸ್ವಲ್ಪ ತಗ್ಗಿದೊಡನೆ ಅಚ್ಚಿಗೂ ಚೌಕಟ್ಟಿಗೂ ನಡುವೆ ಇರುವ ಒಂದು ಸಣ್ಣ ಸನ್ನೆ ಮೇಲೇಳುತ್ತದೆ, ಕವಾಟ ತೆರೆಯುತ್ತದೆ, ಟ್ಯಾಂಕಿನಿಂದ ಗಾಳಿ ನುಗ್ಗಿ ಬಸ್ಸು ಮತ್ತೆ ಮೊದಲಿನ ಎತ್ತರಕ್ಕೆ ಬರುತ್ತದೆ. ಜನ ಇಳಿದರೆ ಹೆಚ್ಚಿನ ಗಾಳಿ ಹೊರಹೋಗುತ್ತದೆ. ಚೀಲದ ಗಾತ್ರ ಅಷ್ಟೇ, ಒತ್ತಡ ಮಾತ್ರ ಭಾರಕ್ಕೆ ತಕ್ಕಂತೆ. ಒತ್ತಡ ಏರಿದರೆ ಬಿಗುವೂ ಏರುತ್ತದೆ. ಚೀಲದ ಗಾತ್ರವನ್ನು ಅದರ ಅಡ್ಡಕೊಯ್ತದಿಂದ ಭಾಗಿಸಿದಾಗ 25 ಸೆಂ.ಮೀ. ಬರುವಂಥ ಒಂದು ಸ್ಪ್ರಿಂಗನ್ನು ತೆಗೆದುಕೊಳ್ಳಿ. ಪೂರ್ಣ ಭಾರದಲ್ಲಿ ವಾತಾವರಣಕ್ಕಿಂತ 4 ಬಾರ್ ಹೆಚ್ಚು ಒತ್ತಡ ಇದ್ದರೆ ಒಟ್ಟು ಒತ್ತಡ 5 ಬಾರ್. ರಸ್ತೆಯ ಪೆಟ್ಟು ಬಹಳ ಬೇಗ ಬೀಳುವುದರಿಂದ ಗಾಳಿಯ ಶಾಖ ಹೊರಹೋಗಲು ಸಮಯವಿಲ್ಲ. ಆದ್ದರಿಂದ ಬಾಯ್ಲ್‌ನ ನಿಯಮ ಹೇಳುವುದಕ್ಕಿಂತ ಬಿಗುವು 1.4 ಪಟ್ಟು ಹೆಚ್ಚು. 25ನ್ನು 1.4ರಿಂದ, ಅನಂತರ 5/4ರಿಂದ ಭಾಗಿಸಿದರೆ 14.3 ಸೆಂ.ಮೀ. ಇದು ಸ್ಥಿರ ಇಳಿತಕ್ಕೆ ಸಮನಾದ ಸಂಖ್ಯೆ. ಆವೃತ್ತಿ 1.32 ಹರ್ಟ್ಸ್. ಈಗ ಭಾರ ಅರ್ಧವಾಯಿತೆನ್ನಿ. 4 ಬಾರ್ 2 ಆಗುತ್ತದೆ, ಒಟ್ಟು 3. ಈ ಸಲ 1.4 ಮತ್ತು 3/2ರಿಂದ ಭಾಗಿಸಿದರೆ 11.9 ಸೆಂ.ಮೀ., ಆವೃತ್ತಿ 1.45 ಹರ್ಟ್ಸ್. ಭಾರ ಅರ್ಧವಾದರೂ ಆವೃತ್ತಿ ಹೆಚ್ಚುಕಡಿಮೆ ಅಲ್ಲೇ ಇದೆ. ಇದೇ ಸ್ಥಿತಿಯಲ್ಲಿ ಉಕ್ಕಿನ ಸ್ಪ್ರಿಂಗು 1.32ರಿಂದ 1.87 ಹರ್ಟ್ಸ್‌ಗೆ ಏರುತ್ತಿತ್ತು, ವಾಹನವೂ 7 ಸೆಂ.ಮೀ. ಮೇಲೆ ಎದ್ದು ನಿಲ್ಲುತ್ತಿತ್ತು.

ಹೊಸಕೋಟೆಯ ಬಸ್ಸು

ಕರ್ನಾಟಕದ ಸಾಮಾನ್ಯ ಪ್ರಯಾಣಿಕರಿಗೆ ಈ ವ್ಯತ್ಯಾಸ ಅನುಭವಕ್ಕೆ ಬಂದದ್ದು 2001ರ ಅನಂತರ. ಹೊಸಕೋಟೆಯಲ್ಲಿ 1998ರಿಂದ ಲಾರಿ ತಯಾರಿಸುತ್ತಿದ್ದ ವೋಲ್ವೊ ಕಂಪನಿ ಆ ವರ್ಷ ಗಾಳಿಯ ಸ್ಪ್ರಿಂಗಿನ ಬಸ್ಸನ್ನು ಹೊರತಂದಿತು. ರಾಜ್ಯ ರಸ್ತೆ ಸಾರಿಗೆ ನಿಗಮ ಇಂಥ ಬಸ್ಸುಗಳನ್ನು 'ಐರಾವತ' ಎಂಬ ಹೆಸರಿನಲ್ಲಿ ಓಡಿಸಿತು. 2006ರಿಂದ ಬೆಂಗಳೂರಿನ ನಗರ ಸಾರಿಗೆಯಲ್ಲಿ, ಅನಂತರ ಮೈಸೂರು ನಗರದಲ್ಲಿಯೂ ತಗ್ಗು ನೆಲದ ಬಸ್ಸುಗಳು ಬಂದವು. ನಿಲ್ದಾಣದಲ್ಲಿ ಬಾಗಿಲಿನ ಕಡೆಯ ಚೀಲಗಳ ಗಾಳಿ ಬಿಟ್ಟು, ಮಂಡಿಯೂರಿದಂತೆ ಒಂದು ಪಕ್ಕಕ್ಕೆ ತಗ್ಗುವ ಸೌಲಭ್ಯ ಅವುಗಳಲ್ಲಿತ್ತು. ವಯಸ್ಸಾದವರಿಗೆ ಅದು ನಿಜವಾದ ಉಪಕಾರ. ಉಕ್ಕಿನ ಸುರುಳಿಯಿಂದ ಇದನ್ನು ಮಾಡಿಸಲಾಗದು.

ಹೀಗೆ ಐದಾರು ವರ್ಷಗಳ ಅವಧಿಯಲ್ಲಿ ಬೆಂಗಳೂರಿನ ಪಶ್ಚಿಮಕ್ಕೆ ಬಿಡದಿ ಸುರುಳಿಯನ್ನು ಆರಿಸಿಕೊಂಡಿತು, ಪೂರ್ವಕ್ಕೆ ಹೊಸಕೋಟೆ ಗಾಳಿಯನ್ನು ತಂದಿತು. ಎರಡೂ ಸರಿಯಾದ ಆಯ್ಕೆಗಳೇ ಎಂದು ನನ್ನ ಅಭಿಪ್ರಾಯ. ಭಾರದ ಏರಿಳಿತ ಇದಕ್ಕೆ ಅರ್ಧ ಕಾರಣ ಮಾತ್ರ. ಸುಮಾರು 11 ಟನ್ನಿನ ನಗರ ಬಸ್ಸಿಗೆ 75 ಜನ ಹತ್ತಿದರೆ ನಾಲ್ಕೂವರೆ ಟನ್ ಸೇರುತ್ತದೆ, ಅಂದರೆ ಭಾರ ಶೇಕಡ 40ರಷ್ಟು ಏರುತ್ತದೆ. ಎರಡು ಟನ್ನಿನ ದೊಡ್ಡ ಕಾರಿಗೆ ಐದು ಜನ ಮತ್ತು ಸಾಮಾನು ಸೇರಿ 400 ಕಿಲೋ ಬಂದರೆ ಶೇಕಡ 20. ವ್ಯತ್ಯಾಸವಿದೆ, ಆದರೆ ಅಗಾಧವೇನಲ್ಲ. ಉಳಿದ ಅರ್ಧ ಕಾರಣ ಇತಿಹಾಸಕಾರರು ಸಾಮಾನ್ಯವಾಗಿ ಗಮನಿಸದೆ ಬಿಡುವಂಥದು. ಬಸ್ಸಿನಲ್ಲಿ ಗಾಳಿ ಮೊದಲೇ ಇತ್ತು! ಬ್ರೇಕಿಗೆಂದು ಎಂಜಿನ್ನಿನಿಂದ ತಿರುಗುವ ದೊಡ್ಡ ಕಂಪ್ರೆಸರ್, ತೇವ ತೆಗೆಯುವ ಸಾಧನ, ಉಕ್ಕಿನ ಟ್ಯಾಂಕುಗಳು ಎಲ್ಲವೂ ಸಿದ್ಧವಾಗಿದ್ದವು. ಗಾಳಿ ಎಲ್ಲಿ ಸೋರುತ್ತದೆಂದು ಕಿವಿಯಿಂದಲೇ ಪತ್ತೆಮಾಡುವ ಮೆಕ್ಯಾನಿಕ್ಕುಗಳು ಡಿಪೋದಲ್ಲಿದ್ದರು. ಪ್ರತಿ ರಾತ್ರಿ ಬಸ್ಸು ಡಿಪೋಗೆ ಮರಳುತ್ತಿತ್ತು. ಚೀಲ ಹಳೆಯದಾದರೆ ಟೈರು ಬದಲಿಸಿದಂತೆ ಅದನ್ನೂ ಬದಲಿಸುತ್ತಿದ್ದರು. ಗಾಳಿಯ ಸ್ಪ್ರಿಂಗು ಸೇರಿದ್ದು ತನ್ನ ಬಂಧುಗಳೇ ಇದ್ದ ಮನೆಗೆ.

ಹಳೆಯ ರೇಂಜ್ ರೋವರಿನ ಪ್ರಶ್ನೆ

ಕಾರಿನಲ್ಲಿ ಈ ಬಂಧುಬಳಗ ಇರಲಿಲ್ಲ. 1992ರಲ್ಲಿ ರೇಂಜ್ ರೋವರ್ ತನ್ನ ಪ್ರಸಿದ್ಧ ಸುರುಳಿಗಳನ್ನು ತೆಗೆದು ಕೆಲವು ಮಾದರಿಗಳಿಗೆ ಗಾಳಿಯ ಸ್ಪ್ರಿಂಗು ಕೊಟ್ಟಿತು. 1994ರಲ್ಲಿ ಬಂದ ಎರಡನೆಯ ಪೀಳಿಗೆಯ ವಾಹನ ಗಾಳಿಯ ಮೇಲೆಯೇ ನಿಂತಿತು. ನಾಲ್ಕು ರಬ್ಬರು ಚೀಲ, ನಾಲ್ಕು ಎತ್ತರ ಅಳೆಯುವ ಸಂವೇದಕ, ವಿದ್ಯುತ್ತಿನಿಂದ ನಡೆಯುವ ಸಣ್ಣ ಕಂಪ್ರೆಸರ್, ಒಂದು ಟ್ಯಾಂಕು, ಕವಾಟಗಳ ಒಂದು ಗುಂಪು, ಇವನ್ನೆಲ್ಲ ಆಳುವ ಒಂದು ಗಣಕ. ಹೆದ್ದಾರಿಯಲ್ಲಿ ವೇಗ ಹೆಚ್ಚಿದರೆ ವಾಹನ ಸುಮಾರು ಎರಡು ಸೆಂಟಿಮೀಟರ್ ತಗ್ಗುತ್ತಿತ್ತು. ಕಚ್ಚಾದಾರಿಯಲ್ಲಿ ಗುಂಡಿ ಒತ್ತಿದರೆ ಸುಮಾರು ನಾಲ್ಕು ಸೆಂಟಿಮೀಟರ್ ಏರುತ್ತಿತ್ತು. ಹೊಸದಾಗಿದ್ದಾಗ ಅದು ನಿಜಕ್ಕೂ ಸೊಗಸಾದ ವ್ಯವಸ್ಥೆ.

ಹತ್ತು ಹದಿನೈದು ವರ್ಷಗಳಲ್ಲಿ ರಬ್ಬರು ಬಿರುಕು ಬಿಟ್ಟಿತು. ಕವಾಟದ ಗುಂಪಿನೊಳಗಿನ ಸಣ್ಣ ರಬ್ಬರು ಉಂಗುರಗಳು ಗಟ್ಟಿಯಾದವು. ಸಣ್ಣ ಸೋರಿಕೆಯನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ತಾನೂ ಸವೆಯಿತು. ಗಣಕಕ್ಕೆ ಗೊಂದಲವಾದರೆ ಅದು ಇಡೀ ವ್ಯವಸ್ಥೆಯನ್ನು ನಿಲ್ಲಿಸುತ್ತಿತ್ತು. ಗಾಳಿಯಿಳಿದ ವಾಹನ ತಡೆ ರಬ್ಬರುಗಳ ಮೇಲೆ ಕುಳಿತು ಸುತ್ತೂರಿನ ತೇರಿನಂತೆ ಬಿರುಸಾಗುತ್ತಿತ್ತು, ಆದರೆ ತೇರಿನ ವೇಗದಲ್ಲಿ ಓಡುವ ವಾಹನ ಅದಲ್ಲ. ಹೀಗಾಗಿ ಚೀಲಗಳ ಜಾಗದಲ್ಲಿ ಸುರುಳಿ ಕೂರಿಸುವ ಸಿದ್ಧ ಜೋಡಣೆಗಳು ಮಾರುಕಟ್ಟೆಗೆ ಬಂದವು, ಬಹಳ ಮಂದಿ ಅವನ್ನು ಕೊಂಡರು. 1958ರ ಕಥೆ ಮರುಕಳಿಸಿತು.

ಸುರುಳಿ ಹಾಕಿಸಿದವರು ಕಳೆದುಕೊಂಡದ್ದೇನು? ಎತ್ತರ ಏರಿಸುವ ಗುಂಡಿ ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಈ ಎರಡು ಪೀಳಿಗೆಗಳ ವಾಹನಗಳಿಗೆ ಗಟ್ಟಿ ಅಚ್ಚು ಇತ್ತು. ಅಚ್ಚಿನ ನಡುವೆ ಉಬ್ಬಿಕೊಂಡಿರುವ ಡಿಫರೆನ್ಶಿಯಲ್ ಪೆಟ್ಟಿಗೆಯೇ ವಾಹನದ ಅತ್ಯಂತ ತಗ್ಗಿನ ಭಾಗ. ಗಾಳಿ ತುಂಬಿದಾಗ ಮೇಲೇಳುವುದು ಚೌಕಟ್ಟು ಮಾತ್ರ. ಅಚ್ಚು ಚಕ್ರದ ಜೊತೆ ಇದ್ದಲ್ಲೇ ಇರುತ್ತದೆ. ರಸ್ತೆಯ ನಡುವಿನ ಕಲ್ಲು ಡಿಫರೆನ್ಶಿಯಲ್‌ಗೆ ತಾಗುವಂತಿದ್ದರೆ ಎಷ್ಟು ಗಾಳಿ ತುಂಬಿದರೂ ತಾಗುತ್ತದೆ. ಅದನ್ನು ತಪ್ಪಿಸಲು ದೊಡ್ಡ ಟೈರೇ ಬೇಕು. ಏರುಪೇರಿನ ದಿಣ್ಣೆ ಹತ್ತಿ ಇಳಿಯುವಾಗ ಹೊಟ್ಟೆ ಮತ್ತು ಬಾಲ ತಾಗದಂತೆ ಗಾಳಿ ನೆರವಾಗುತ್ತದೆ, ಅಷ್ಟೇ. 2001ರ ಕೊನೆಯಲ್ಲಿ ಕಾಣಿಸಿಕೊಂಡ ಮೂರನೆಯ ಪೀಳಿಗೆಗೆ ಪ್ರತಿ ಚಕ್ರಕ್ಕೂ ಸ್ವತಂತ್ರ ತೋಳು ಬಂದು, ಡಿಫರೆನ್ಶಿಯಲ್ ಚೌಕಟ್ಟಿಗೆ ಸೇರಿಕೊಂಡಿತು. ಅಲ್ಲಿ ಎತ್ತರ ಏರಿಸುವುದಕ್ಕೆ ಪೂರ್ಣ ಅರ್ಥ ಬಂತು, ಅಂಥ ವಾಹನಕ್ಕೆ ಸುರುಳಿ ಹಾಕಿಸಿದರೆ ನಷ್ಟವೂ ಹೆಚ್ಚು.

ಗಟ್ಟಿ ಅಚ್ಚಿನ ಹಳೆಯ ವಾಹನಕ್ಕೆ ಸುರುಳಿ ಹಾಕಿಸಿದವರು ನಿಜವಾಗಿ ಕಳೆದುಕೊಂಡದ್ದು ಮಟ್ಟ ಕಾಯುವ ಗುಣವನ್ನು. ಒಬ್ಬರೇ ಓಡಾಡುವವರಿಗೆ ಅದು ತಿಳಿಯುವುದೇ ಇಲ್ಲ. ಹಿಂದೆ ಸಾಮಾನು ತುಂಬಿ ಟ್ರೇಲರ್ ಎಳೆಯುವವರಿಗೆ ಬಾಲ ತಗ್ಗಿ, ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುವಾಗ ತಿಳಿಯುತ್ತದೆ. ಭಾರಕ್ಕೆಂದು ಬಿರುಸಾದ ಸುರುಳಿ ಹಾಕಿಸಿದರೆ ಖಾಲಿ ವಾಹನ ಕಬ್ಬಿನ ಲಾರಿಯಂತೆ ಕುಣಿಯುತ್ತದೆ. ಬಿಡಿಭಾಗ ಸಿಗದ ಊರಿನಲ್ಲಿ, ಹೆಚ್ಚು ಏರಿಳಿಯದ ಭಾರಕ್ಕೆ ಬಳಸುವ ಹಳೆಯ ವಾಹನಕ್ಕೆ ಸುರುಳಿಯೇ ಸರಿ. ಉಳಿದ ಕಡೆ ಚೀಲ, ಉಂಗುರ, ಕೊಳವೆಗಳನ್ನು ಒಮ್ಮೆಗೇ ಹೊಸದು ಮಾಡಿಸುವುದು ಲೇಸು. ಒಂದೊಂದೇ ಸೋರಿಕೆಯನ್ನು ಬೆನ್ನಟ್ಟುವವರ ಹಣವೆಲ್ಲ ಕಂಪ್ರೆಸರಿಗೇ ಹೋಗುತ್ತದೆ. ಡಿಪೋಗಳು ಮೊದಲಿನಿಂದಲೂ ಮಾಡಿದ್ದು ಇದನ್ನೇ: ರಬ್ಬರನ್ನು ಸವೆಯುವ ವಸ್ತುವೆಂದು ಒಪ್ಪಿಕೊಂಡವು.

ರೈಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಬೆಂಗಳೂರಿನಲ್ಲಿ 2011ರ ಅಕ್ಟೋಬರಿನಲ್ಲಿ ಓಡಲಾರಂಭಿಸಿದ ಮೆಟ್ರೊ ಗಾಡಿಗಳ ಪೆಟ್ಟಿಗೆಗಳು ಗಾಳಿಯ ಚೀಲಗಳ ಮೇಲೆ ಕುಳಿತಿವೆ. ನಿಲ್ದಾಣದ ಕಟ್ಟೆಗೂ ಗಾಡಿಯ ನೆಲಕ್ಕೂ ಮಟ್ಟ ತಪ್ಪಬಾರದಾದ್ದರಿಂದ ಅಲ್ಲಿ ಬೇರೆ ದಾರಿಯೇ ಇರಲಿಲ್ಲ. 2022ರ ನವೆಂಬರಿನಲ್ಲಿ ಚೆನ್ನೈ ಮತ್ತು ಮೈಸೂರುಗಳ ನಡುವೆ ಆರಂಭವಾದ ವಂದೇ ಭಾರತ್ ರೈಲಿನಲ್ಲಿ ಉಕ್ಕು ಮತ್ತು ಗಾಳಿ ಕೆಲಸ ಹಂಚಿಕೊಂಡಿವೆ. ಅಚ್ಚಿನ ಹತ್ತಿರ, ಪೆಟ್ಟು ಹೆಚ್ಚು ಬೀಳುವ ಕಡೆ ಉಕ್ಕಿನ ಸುರುಳಿ. ಜನರ ಭಾರ ಬದಲಾಗುವ ಪೆಟ್ಟಿಗೆಯ ಅಡಿ ಗಾಳಿ. ಇಂಥ ಗಾಳಿಯ ಚೀಲದ ಹೊಟ್ಟೆಯೊಳಗೆ ದಪ್ಪನೆಯ ರಬ್ಬರಿನ ಇನ್ನೊಂದು ಸ್ಪ್ರಿಂಗು ಅಡಗಿರುತ್ತದೆ. ಚೀಲ ಒಡೆದರೆ ಪೆಟ್ಟಿಗೆ ಅದರ ಮೇಲೆ ಕೂರುತ್ತದೆ, ರೈಲು ವೇಗ ತಗ್ಗಿಸಿ ಮುಂದಿನ ನಿಲ್ದಾಣದವರೆಗೆ ಹೋಗುತ್ತದೆ.